ಕುದುರೆ, ಸೈಕಲ್, ಕಾರು: ಬ್ರಿಟನ್ನಿನ ರಸ್ತೆಯಲ್ಲಿ ಮುಗಿಯದ ವ್ಯಾಜ್ಯ

1876ರ ಆಗಸ್ಟ್‌ನಲ್ಲಿ ಲಂಡನ್ ಮತ್ತು ಸೇಂಟ್ ಆಲ್ಬನ್ಸ್ ನಡುವೆ ಓಡುತ್ತಿದ್ದ ಕುದುರೆ ಸಾರೋಟೊಂದರ ಚಾಲಕ, ಪಕ್ಕದಿಂದ ದಾಟಿ ಹೋಗಲು ನೋಡಿದ ಸೈಕಲ್ ಸವಾರನ ಮೇಲೆ ಚಾವಟಿ ಬೀಸಿದ. ಸಾರೋಟಿನ ಗಾರ್ಡ್‌ಗೆ ಅಷ್ಟು ಸಾಲಲಿಲ್ಲ. ಹಗ್ಗಕ್ಕೆ ಕಟ್ಟಿದ್ದ ಕಬ್ಬಿಣದ ಗುಂಡನ್ನು ಸೈಕಲ್ಲಿನ ಚಕ್ರದ ಕಡ್ಡಿಗಳ ನಡುವೆ ಎಸೆದು ಸವಾರನನ್ನು ಕೆಡವಿದ. ಆ ಕಾಲದ ಸೈಕಲ್ಲಿಗೆ ಮುಂದೆ ಎದೆಯೆತ್ತರದ ಚಕ್ರ, ಹಿಂದೆ ಪುಟ್ಟದೊಂದು ಚಕ್ರ. ಬಿದ್ದವನು ತಲೆ ಮೊದಲಾಗಿಯೇ ಬೀಳುತ್ತಿದ್ದ. ಹಗ್ಗ ಕಟ್ಟಿದ ಗುಂಡು ದಾರಿಯಲ್ಲಿ ತಾನಾಗಿ ಕೈಗೆ ಸಿಗುವ ವಸ್ತುವಲ್ಲ, ಮನೆಯಿಂದಲೇ ಸಿದ್ಧ ಮಾಡಿಕೊಂಡು ಹೊರಟ ಕೋಪ ಅದು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿ ಇಬ್ಬರಿಗೂ ದಂಡ ಬಿತ್ತು.

ಇಂದಿನ ಬ್ರಿಟನ್ನಿನಲ್ಲಿ ರಸ್ತೆ ಜಗಳದ ಸುದ್ದಿ ಬಂದರೆ ಪಕ್ಷಗಳು ಬೇರೆಯಾಗಿರುತ್ತವೆ. ಒಂದು ಕಡೆ ಕಾರಿನವರು, ಇನ್ನೊಂದು ಕಡೆ ಸೈಕಲ್ಲಿನವರು ಮತ್ತು ಕುದುರೆಯವರು. ಆದರೆ ಹಳೆಯ ಕಾಗದಗಳನ್ನು ತಿರುವಿದರೆ ಕುದುರೆಯವರೇ ರಸ್ತೆಯ ಯಜಮಾನರು, ಸೈಕಲ್ ಎಂಬುದು ಎಲ್ಲಿಂದಲೋ ಬಂದು ವಕ್ಕರಿಸಿದ ಕಾಟ. ಮುಂದೆ ಅದೇ ಸೈಕಲ್ಲಿನವರು ಕಾರನ್ನು ಬೈಯುವ ಸರದಿ ಬಂತು. ಈ ವ್ಯಾಜ್ಯಕ್ಕೆ ಬ್ರಿಟಿಷ್ ಕಾನೂನು ಪ್ರತಿ ಸಲವೂ ಒಂದೇ ಮದ್ದು ಅರೆಯಿತು. ರಸ್ತೆಯಲ್ಲಿ ಯಾರಿಗೆ ಎಷ್ಟು ಜಾಗ ಎಂಬುದನ್ನು ತೀರ್ಮಾನಿಸುವ ಗೋಜಿಗೆ ಹೋಗದೆ, ಒಬ್ಬರು ಇನ್ನೊಬ್ಬರನ್ನು ಹೇಗೆ ದಾಟಬೇಕು ಎಂದು ನಡತೆ ಹೇಳಿಕೊಟ್ಟಿತು.

ಮೊದಲು ಎದುರಾದ ಪ್ರಶ್ನೆ, ಸೈಕಲ್ ಎಂದರೆ ಕಾನೂನಿನ ಕಣ್ಣಿಗೆ ಏನು ಎಂಬುದು. 1835ರ ಹೆದ್ದಾರಿ ಕಾಯ್ದೆ ಬರೆದವರು ಅದನ್ನು ಕಂಡೇ ಇರಲಿಲ್ಲ. ಗಾಡಿಯನ್ನು ಅಡ್ಡಾದಿಡ್ಡಿ ಓಡಿಸುವುದು ಅಪರಾಧ ಎಂದು ಆ ಕಾಯ್ದೆ ಹೇಳುತ್ತಿತ್ತು. 1879ರಲ್ಲಿ ಟೇಲರ್ ಮತ್ತು ಗುಡ್ವಿನ್ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಸೈಕಲ್ ಕೂಡ ಗಾಡಿಯೇ ಎಂದರು. 1888ರ ಸ್ಥಳೀಯ ಆಡಳಿತ ಕಾಯ್ದೆ ಅದನ್ನೇ ಖಾಯಂ ಮಾಡಿತು. ಸೈಕಲ್ಲಿನವರಿಗೆ ಇದರಿಂದ ನಷ್ಟಕ್ಕಿಂತ ಲಾಭವೇ ಹೆಚ್ಚು: ಗಾಡಿಯಾದ ಮೇಲೆ ರಸ್ತೆಯ ಮೇಲೆ ಹಕ್ಕೂ ಬಂತು. ಜೊತೆಗೆ ಕರಾರುಗಳೂ ಬಂದವು. ಗಾಡಿಯನ್ನಾಗಲಿ ಕುದುರೆಯನ್ನಾಗಲಿ ನಡೆದು ಹೋಗುವವರನ್ನಾಗಲಿ ದಾಟುವ ಮುನ್ನ ಗಂಟೆಯನ್ನೋ ಸೀಟಿಯನ್ನೋ ಬಾರಿಸಿ ಎಚ್ಚರಿಸಬೇಕು; ಕತ್ತಲಾದ ಮೇಲೆ ದೀಪ ಹಚ್ಚಬೇಕು. ದೀಪವಿಲ್ಲದ ಸೈಕಲ್ಲನ್ನು ಪೊಲೀಸರು ಹಿಡಿಯುತ್ತಿದ್ದ ಕಾಲ ನಮ್ಮೂರುಗಳಲ್ಲೂ ಇತ್ತು, ಹಿರಿಯರಿಗೆ ಚೆನ್ನಾಗಿ ನೆನಪಿದೆ.

ಸೈಕಲ್ ಸವಾರರು ಸಂಘಟಿತರಾದದ್ದು ಬೇಗ. 1878ರಲ್ಲಿ ಹ್ಯಾರೊಗೇಟ್ ಪಟ್ಟಣದಲ್ಲಿ ಹುಟ್ಟಿದ ಕ್ಲಬ್ಬು ಕೆಲವೇ ವರ್ಷಗಳಲ್ಲಿ 'ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್' ಎಂದು ಹೆಸರಾಯಿತು; ಈಗ ಅದು 'ಸೈಕ್ಲಿಂಗ್ ಯುಕೆ'. ರೈಲು ಬಂದು ಸಾರೋಟುಗಳ ವ್ಯಾಪಾರ ಕುಸಿದ ಮೇಲೆ ದೂರದೂರಿನ ರಸ್ತೆಗಳು ಹಾಳು ಬಿದ್ದಿದ್ದವು. ಗುಂಡಿ ಮತ್ತು ಕೆಸರಿನ ರಸ್ತೆಗಳನ್ನು ಸರಿಪಡಿಸಿ ಎಂದು ಒತ್ತಾಯಿಸಲು 1886ರಲ್ಲಿ ಸೈಕಲ್ ಸಂಘಟನೆಗಳು ರಸ್ತೆ ಸುಧಾರಣಾ ಸಂಘವೊಂದನ್ನು ಕಟ್ಟಿದವು. ಈ ಚಳವಳಿಯಲ್ಲಿ ಬೆಳೆದ ವಿಲಿಯಂ ರೀಸ್ ಜೆಫ್ರೀಸ್ ಎಂಬ ಸೈಕಲ್ ಪ್ರೇಮಿ ಮುಂದೆ ಸರ್ಕಾರದ ರಸ್ತೆ ಮಂಡಳಿಗೇ ಕಾರ್ಯದರ್ಶಿಯಾದರು. ನುಣುಪಾದ ರಸ್ತೆ ಬೇಕೆಂದು ಮೊದಲು ಕೇಳಿದವರು ಪೆಡಲ್ ತುಳಿಯುವವರು. ಸಿಕ್ಕಿದ ಮೇಲೆ ಅದರ ಮೇಲೆ ಓಡಿದ್ದು ಮೋಟಾರು.

ಕುದುರೆಯ ಭಯವನ್ನು ಲಘುವಾಗಿ ಕಾಣುವಂತಿಲ್ಲ. ಅದು ಬೇಟೆಗೆ ಗುರಿಯಾಗುತ್ತ ಬಂದ ಪ್ರಾಣಿ. ಅನುಮಾನ ಬಂದರೆ ಮೊದಲು ಓಡುತ್ತದೆ, ಆಮೇಲೆ ನೋಡುತ್ತದೆ. ತಲೆಯ ಎರಡು ಬದಿಗೆ ಕಣ್ಣಿರುವುದರಿಂದ ಸುತ್ತಲೂ ಬಹುಪಾಲು ಕಾಣುತ್ತದೆ, ಬಾಲದ ನೇರ ಹಿಂದೆ ಮತ್ತು ಮೂಗಿನ ನೇರ ಮುಂದೆ ಮಾತ್ರ ಕಾಣುವುದಿಲ್ಲ. ಸದ್ದಿಲ್ಲದೆ ಹಿಂದಿನಿಂದ ಬಂದು ಫಕ್ಕನೆ ಪಕ್ಕದಲ್ಲಿ ಪ್ರತ್ಯಕ್ಷವಾಗುವ ಸೈಕಲ್ಲು, ದೂರದಿಂದಲೇ ಗುರುಗುಡುತ್ತ ಬರುವ ಗಾಡಿಗಿಂತ ಅದಕ್ಕೆ ಹೆಚ್ಚು ದಿಗಿಲು. ಅರ್ಧ ಟನ್ ತೂಗುವ ಪ್ರಾಣಿ ಬೆದರಿ ಅಡ್ಡ ಹಾರಿದರೆ ಲಗಾಮು ಹಿಡಿದವರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

1894ರ ಜುಲೈನಲ್ಲಿ ಆದದ್ದು ಇದೇ. ಲಂಡನ್ನಿನ ಉತ್ತರಕ್ಕೆ 50 ಮೈಲಿಯ ಸೈಕಲ್ ರೇಸ್ ನಡೆಯುತ್ತಿತ್ತು. ಮಹಿಳೆಯೊಬ್ಬರು ಓಡಿಸುತ್ತಿದ್ದ ಕುದುರೆಗಾಡಿಯನ್ನು ಮೂವರು ಸ್ಪರ್ಧಿಗಳು ದಾಟುವಾಗ ಕುದುರೆ ಬೆದರಿತು, ಎಲ್ಲರೂ ಹಳ್ಳದ ಪಾಲಾದರು. ದೂರು ಹೋಯಿತು, ಪೊಲೀಸರು ಗರಂ ಆದರು. ಸೈಕಲ್ ಸವಾರರ ರಾಷ್ಟ್ರೀಯ ಒಕ್ಕೂಟ ಹೆದರಿ 1897ರಲ್ಲಿ ರಸ್ತೆಯ ಮೇಲಿನ ರೇಸುಗಳನ್ನು ನಿಷೇಧಿಸಿತು. ಎಲ್ಲಿ ರಸ್ತೆಯಿಂದಲೇ ನಮ್ಮನ್ನು ಓಡಿಸಿಬಿಡುತ್ತಾರೋ ಎಂಬ ಆತಂಕ ಅವರದು.

ಬಿದ್ದವರಲ್ಲಿ ಒಬ್ಬರಾದ ಎಫ್. ಟಿ. ಬಿಡ್ಲೇಕ್ ಅದಕ್ಕೊಂದು ಉಪಾಯ ಕಂಡುಹಿಡಿದರು. ಗುಂಪಾಗಿ ಬೇಡ, ಒಬ್ಬೊಬ್ಬರನ್ನೇ ಬಿಡುವಿನ ಅಂತರದಲ್ಲಿ ಕಳಿಸಿ, ಗಡಿಯಾರದೊಂದಿಗೆ ಓಡಲಿ. ನೋಡುವವರಿಗೆ ಅದು ರೇಸ್ ಎಂದು ಗೊತ್ತೇ ಆಗಬಾರದು. ನಸುಕಿನಲ್ಲಿ ಸ್ಪರ್ಧೆ, ಭುಜದಿಂದ ಕಣಕಾಲಿನವರೆಗೆ ಕಪ್ಪು ಬಟ್ಟೆ, ಮಾರ್ಗಕ್ಕೆ ಊರ ಹೆಸರಿನ ಬದಲು ಸಂಕೇತಾಕ್ಷರ. ಬ್ರಿಟನ್ನಿನಲ್ಲಿ ಟೈಮ್ ಟ್ರಯಲ್ ಪದ್ಧತಿ ಬೇರು ಬಿಟ್ಟದ್ದು ಹೀಗೆ, ಕಳ್ಳತನದ ಕಸುಬಿನಂತೆ. ಫ್ರಾನ್ಸ್, ಇಟಲಿಗಳಲ್ಲಿ ಊರಿಗೆ ಊರೇ ರಸ್ತೆ ಬದಿಗೆ ಬಂದು ಸೈಕಲ್ ರೇಸ್ ನೋಡುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಸ್ಪರ್ಧಿಗಳು ಯಾರ ಕಣ್ಣಿಗೂ ಬೀಳದಂತೆ ತುಳಿಯುತ್ತಿದ್ದರು. 1942ರಲ್ಲಿ ಪರ್ಸಿ ಸ್ಟಾಲರ್ಡ್ ಎಂಬವರು ಲ್ಯಾಂಗೋಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ವರೆಗೆ ಗುಂಪು ರೇಸ್ ನಡೆಸಿ ಈ ಕಟ್ಟನ್ನು ಮುರಿದರು. ಒಕ್ಕೂಟ ಅವರನ್ನೇ ಹೊರಹಾಕಿತು. ಬಿಡ್ಲೇಕ್ ಅಷ್ಟು ಹೊತ್ತಿಗೆ ತೀರಿಹೋಗಿದ್ದರು. 1933ರ ಆಗಸ್ಟ್‌ನಲ್ಲಿ ಸೈಕಲ್ ತುಳಿಯುತ್ತಿದ್ದ ಅವರಿಗೆ ಕಾರು ಡಿಕ್ಕಿ ಹೊಡೆದು, ಕೆಲವು ವಾರಗಳ ನಂತರ ಅವರು ಮೃತಪಟ್ಟಿದ್ದರು.

ಮೋಟಾರಿನ ಕತೆ ಹಾಸ್ಯದಂತೆ ಶುರುವಾಯಿತು. ಉಗಿಯಂತ್ರದ ಗಾಡಿಗಳಿಗಾಗಿ 1865ರಲ್ಲಿ ಬಂದ ಕಾಯ್ದೆ ಗಂಟೆಗೆ ಹಳ್ಳಿಯಲ್ಲಿ 4 ಮೈಲಿ, ಪಟ್ಟಣದಲ್ಲಿ 2 ಮೈಲಿ ವೇಗ ಗೊತ್ತುಮಾಡಿ, ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕು ಎಂದಿತ್ತು. 1896ರಲ್ಲಿ ಹಗುರ ಮೋಟಾರುಗಳಿಗೆ ಆ ಸಂಕೋಲೆ ಕಳಚಿ, ವೇಗದ ಮಿತಿ 14 ಮೈಲಿಗೆ ಏರಿತು. ಆಗಿನ ನಿಯಮಗಳಲ್ಲಿ ಒಂದು ಸೊಗಸಾದ ಅಂಶವಿತ್ತು: ಬೆದರಿದ ಕುದುರೆಯನ್ನು ಹಿಡಿದಿರುವ ಯಾರೇ ಕೈ ಎತ್ತಿದರೂ ಮೋಟಾರು ನಿಲ್ಲಬೇಕು. ಕಾನೂನು ಇನ್ನೂ ಕುದುರೆಯ ಪಕ್ಷದಲ್ಲಿತ್ತು. 1905ರಲ್ಲಿ ವಾಹನ ಮಾಲೀಕರು 'ಆಟೊಮೊಬೈಲ್ ಅಸೋಸಿಯೇಷನ್' ಕಟ್ಟಿದ್ದು, ವೇಗ ಹಿಡಿಯಲು ಪೊದೆಯಲ್ಲಿ ಕುಳಿತ ಪೊಲೀಸರ ಬಗ್ಗೆ ಸದಸ್ಯರಿಗೆ ಮುನ್ಸೂಚನೆ ಕೊಡಲು. ಆ ಸಂಘದ ಕಾವಲುಗಾರರು ಓಡಾಡುತ್ತಿದ್ದದ್ದು ಸೈಕಲ್ಲಿನಲ್ಲಿ!

ಅಲ್ಲಿಂದ ಮುಂದೆ ತಕ್ಕಡಿ ವಾಲಿತು. 1930ರ ಕಾಯ್ದೆ ಕಾರುಗಳ ವೇಗಮಿತಿಯನ್ನೇ ತೆಗೆದುಹಾಕಿತು. ಪ್ರತಿಯಾಗಿ 1931ರಲ್ಲಿ ರಸ್ತೆಯ ನಡತೆ ಹೇಳಿಕೊಡುವ, ಒಂದು ಪೆನ್ನಿ ಬೆಲೆಯ 'ಹೈವೇ ಕೋಡ್' ಎಂಬ ಕಿರುಪುಸ್ತಕ ಬಂತು. ಸಾರೋಟಿನವರು ತಿರುಗುವ ಮುನ್ನ ಚಾವಟಿಯನ್ನು ತಲೆಯ ಮೇಲೆ ಸುತ್ತಿಸಿ ದಿಕ್ಕು ತೋರಿಸಬೇಕು ಎಂಬ ಸೂಚನೆಯೂ ಅದರಲ್ಲಿತ್ತು. ಸಜ್ಜನಿಕೆಯ ಪುಸ್ತಕದಿಂದ ಸಾವು ನಿಲ್ಲಲಿಲ್ಲ. 1934ರಲ್ಲಿ ರಸ್ತೆಯಲ್ಲಿ ಸತ್ತವರು 7,343 ಮಂದಿ. ಅಂದು ಕಾರುಗಳ ಸಂಖ್ಯೆ ಇಂದಿನದರ ಒಂದು ಚೂರು ಮಾತ್ರ ಎಂಬುದನ್ನು ಮರೆಯಬಾರದು. 1935ರಲ್ಲಿ ಜನವಸತಿಯ ಪ್ರದೇಶಗಳಿಗೆ 30 ಮೈಲಿಯ ಮಿತಿ ಮತ್ತು ಹೊಸ ಚಾಲಕರಿಗೆ ಕಡ್ಡಾಯ ಪರೀಕ್ಷೆ ಬಂದವು.

ಈ ನಡುವೆ ಜಾಗ ಹಂಚುವ ಪ್ರಯತ್ನವೊಂದು ನಡೆಯದೆ ಇರಲಿಲ್ಲ. 1934ರ ಡಿಸೆಂಬರ್‌ನಲ್ಲಿ ಸಾರಿಗೆ ಸಚಿವ ಲೆಸ್ಲಿ ಹೋರ್-ಬೆಲಿಷಾ ಪಶ್ಚಿಮ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಬದಿಯಲ್ಲಿ ಎರಡೂವರೆ ಮೈಲಿ ಉದ್ದದ ಕಾಂಕ್ರೀಟ್ ಸೈಕಲ್ ಪಥವನ್ನು ಉದ್ಘಾಟಿಸಿದರು. ವಿರೋಧಿಸಿದವರು ಕಾರಿನವರಲ್ಲ, ಸೈಕಲ್ ಸಂಘದವರು. ಇಂದು ಪಕ್ಕಕ್ಕೊಂದು ಪಟ್ಟಿ ಕೊಡುತ್ತಾರೆ, ನಾಳೆ ರಸ್ತೆಗೆ ಬರಬೇಡಿ ಎನ್ನುತ್ತಾರೆ ಎಂಬುದು ಅವರ ವಾದ. ಐವತ್ತು ವರ್ಷ ಕಾದಾಡಿ ಪಡೆದ ಹಕ್ಕನ್ನು ಯಾರು ತಾನೇ ಸುಲಭವಾಗಿ ಬಿಡುತ್ತಾರೆ? ಅವರ ಸಂಶಯಕ್ಕೆ ಕಾರಣವಿತ್ತು, ಆದರೆ ಬೆಲೆ ದುಬಾರಿಯಾಯಿತು. ನೆದರ್‌ಲ್ಯಾಂಡ್ಸ್ ತನ್ನ ಸೈಕಲ್ ಪಥಗಳನ್ನು ಉಳಿಸಿ ಬೆಳೆಸಿಕೊಂಡಿತು. ಬ್ರಿಟನ್ನಿನಲ್ಲಿ 1949ರಲ್ಲಿ ಜನ ಸೈಕಲ್ಲಿನಲ್ಲಿ ಸುಮಾರು 2,400 ಕೋಟಿ ಕಿಲೋಮೀಟರ್ ಕ್ರಮಿಸಿದ್ದರು. 1970ರ ದಶಕದ ಆರಂಭಕ್ಕೆ ಅದು 500 ಕೋಟಿಗಿಂತಲೂ ಕೆಳಗಿಳಿದಿತ್ತು. ಹಕ್ಕು ಕಾಗದದಲ್ಲಿ ಉಳಿಯಿತು, ರಸ್ತೆ ಕೈತಪ್ಪಿತು.

ಇವತ್ತಿಗೂ ಬ್ರಿಟನ್ನಿನ ಕಾರಿನ ಕಿಟಕಿಯಿಂದ ಸೈಕಲ್ಲಿನವರ ಮೇಲೆ ಬೀಳುವ ಬೈಗುಳವೊಂದಿದೆ: "ನೀನು ರಸ್ತೆ ತೆರಿಗೆ ಕಟ್ಟುವುದಿಲ್ಲ." ಇದಕ್ಕೂ ಇತಿಹಾಸವಿದೆ. 1920ರ ದಶಕದ ಆರಂಭದಲ್ಲಿ ವಾಹನ ತೆರಿಗೆಯ ಹಣ ನಿಜಕ್ಕೂ ರಸ್ತೆಗೆಂದೇ ಮೀಸಲಾದ ನಿಧಿಗೆ ಹೋಗುತ್ತಿತ್ತು. ಹಣಕಾಸು ಸಚಿವರಾಗಿದ್ದ ವಿನ್‌ಸ್ಟನ್ ಚರ್ಚಿಲ್‌ಗೆ ಅದು ಸರಿಬರಲಿಲ್ಲ. ಹೀಗೇ ಬಿಟ್ಟರೆ ರಸ್ತೆಯೇ ನಮ್ಮದು ಎಂದು ಮೋಟಾರಿನವರು ಹೇಳಿಕೊಳ್ಳುವ ದಿನ ದೂರವಿಲ್ಲ ಎಂದು ಅವರು ವಾದಿಸಿ, ಆ ನಿಧಿಗೆ ಕೈಹಾಕಿದರು. 1937ರ ಹೊತ್ತಿಗೆ ತೆರಿಗೆಗೂ ರಸ್ತೆಗೂ ಇದ್ದ ನೇರ ನಂಟು ಪೂರ್ತಿ ಕಡಿದುಹೋಯಿತು. ಆಮೇಲೆ ರಸ್ತೆಗೆ ದುಡ್ಡು ಬಂದದ್ದು ಎಲ್ಲರ ತೆರಿಗೆ ಸೇರುವ ಬೊಕ್ಕಸದಿಂದ ಮತ್ತು ಸ್ಥಳೀಯ ಸಂಸ್ಥೆಗಳಿಂದ. ತೆರಿಗೆ ಸತ್ತು ಎಂಟು ದಶಕ ಕಳೆದರೂ ಬೈಗುಳ ಮಾತ್ರ ಗಟ್ಟಿಮುಟ್ಟಾಗಿದೆ.

ಕುದುರೆಯ ಪಾಡು ಇನ್ನೊಂದು ಬಗೆ. ದುಡಿಮೆಯಿಂದ ನಿವೃತ್ತಿಯಾದ ಅದು ಹವ್ಯಾಸದ ಪ್ರಾಣಿಯಾಯಿತು. ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಕುದುರೆ ಸವಾರರಿಗೆಂದೇ 'ಬ್ರೈಡಲ್‌ವೇ' ಎಂಬ ದಾರಿಗಳಿವೆ. 1968ರ ಕಾಯ್ದೆ ಸೈಕಲ್ಲಿಗೂ ಅಲ್ಲಿ ಪ್ರವೇಶ ಕೊಟ್ಟಿತು, ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕೆಂಬ ಷರತ್ತಿನ ಮೇಲೆ. ಆದರೆ ಆ ದಾರಿಗಳು ತುಂಡು ತುಂಡು. ಒಂದರ ಕೊನೆಯಿಂದ ಇನ್ನೊಂದರ ಬಾಯಿಗೆ ಹೋಗಲು ಡಾಂಬರು ರಸ್ತೆಗೆ ಇಳಿಯಲೇಬೇಕು. ಎರಡೂ ಬದಿ ಎತ್ತರದ ಜೀವಂತ ಬೇಲಿ, ಎದುರು ಬರುವುದು ಕಾಣದ ತಿರುವು, ಆದರೂ ಬೇರೆ ಫಲಕವಿಲ್ಲದ ಕಡೆ ಗಂಟೆಗೆ 60 ಮೈಲಿವರೆಗೆ ಓಡಿಸಲು ಕಾನೂನಿನ ಒಪ್ಪಿಗೆ. ಇಬ್ಬರು ಸವಾರರು ಜೋಡಿಯಾಗಿ ಹೋದರೆ ಹಿಂದಿನ ಕಾರಿನವನಿಗೆ ಅದು ಹರಟೆಯಂತೆ ಕಾಣುತ್ತದೆ. ಬಹಳ ಸಲ ಅದು ಹೊಸ ಸವಾರನಿಗೋ ಅಂಜುಬುರುಕ ಕುದುರೆಗೋ ಅನುಭವಿ ಕುದುರೆ ಕೊಡುವ ಮರೆ.

2016 ಎರಡೂ ಕಡೆ ತಿರುವಿನ ವರ್ಷ. ಕುದುರೆ ಸವಾರರ ಪರವಾದ ಬ್ರಿಟಿಷ್ ಹಾರ್ಸ್ ಸೊಸೈಟಿ, ಕುದುರೆಯನ್ನು ತೀರ ನಿಧಾನವಾಗಿ ದಾಟಿ ಎಂದು ಚಾಲಕರಿಗೆ ಹೇಳುವ 'ಡೆಡ್ ಸ್ಲೋ' ಎಂಬ ಪ್ರಚಾರ ಶುರುಮಾಡಿತು. ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು ಮಫ್ತಿಯಲ್ಲಿ ಸೈಕಲ್ ಏರಿ, ತೀರ ಹತ್ತಿರದಿಂದ ದಾಟಿದ ಚಾಲಕರನ್ನು ಮುಂದೆ ತಡೆದು, ನೆಲದ ಮೇಲೆ ಚಾಪೆ ಹಾಸಿ ಎಷ್ಟು ಅಂತರ ಬಿಡಬೇಕೆಂದು ತೋರಿಸಿಕೊಟ್ಟರು. ಅದಕ್ಕೂ ಹತ್ತು ವರ್ಷ ಮೊದಲು ಬಾತ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಇಯಾನ್ ವಾಕರ್ ಸೈಕಲ್ಲಿಗೆ ಅಳತೆಯ ಸಾಧನ ಕಟ್ಟಿಕೊಂಡು ತಾವೇ ತುಳಿದು, ಹೆಲ್ಮೆಟ್ ಹಾಕಿದ್ದಾಗ ವಾಹನಗಳು ಸರಾಸರಿ 8.5 ಸೆಂಟಿಮೀಟರ್ ಹೆಚ್ಚು ಹತ್ತಿರ ಬರುತ್ತವೆ ಎಂದು ಕಂಡಿದ್ದರು. ಆ ಅಧ್ಯಯನದ ವೇಳೆ ಅವರಿಗೆ ಎರಡು ಸಲ ವಾಹನ ಬಡಿಯಿತು.

ಇವೆಲ್ಲದರ ಫಲ 2022ರ ಜನವರಿ 29ರಂದು ಜಾರಿಗೆ ಬಂದ ಹೈವೇ ಕೋಡಿನ ಹೊಸ ನಿಯಮಗಳು. ಹೆಚ್ಚು ಹಾನಿ ಮಾಡಬಲ್ಲವರಿಗೆ ಹೆಚ್ಚು ಹೊಣೆ ಎಂಬುದು ಅದರ ತಿರುಳು. ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಸೈಕಲ್ಲಿನಿಂದ ಕನಿಷ್ಠ ಒಂದೂವರೆ ಮೀಟರ್ ಅಂತರ. ಕುದುರೆಯನ್ನು ದಾಟುವಾಗ 10 ಮೈಲಿಗಿಂತ ಕಡಿಮೆ ವೇಗ, ಕನಿಷ್ಠ 2 ಮೀಟರ್ ಅಂತರ. ಸೈಕಲ್ಲಿನವರೂ ಕುದುರೆಯ ಹತ್ತಿರ ನಿಧಾನವಾಗಬೇಕು, ಗಂಟೆ ಬಾರಿಸಿಯೋ ಕೂಗಿಯೋ ತಿಳಿಸಬೇಕು, ಅದರ ಎಡಗಡೆಯಿಂದ ನುಸುಳಬಾರದು. 1888ರ ಗಂಟೆ ಮತ್ತೆ ಬಂದಿತ್ತು. ಸೈಕಲ್ಲಿನವರು ರಸ್ತೆಯ ನಡುವೆ ಹೋಗಬಹುದಂತೆ ಎಂದು ಕೆಲವು ಪತ್ರಿಕೆಗಳು ಬೊಬ್ಬೆ ಹಾಕಿದವು. ಸಂಚಾರ ವಿರಳವಾದ ರಸ್ತೆಗಳಲ್ಲಿ, ನಿಧಾನಗತಿಯ ಸಾಲಿನಲ್ಲಿ ಎಂಬ ಮಿತಿಗಳು ಶೀರ್ಷಿಕೆಯಲ್ಲಿ ಹಿಡಿಸಲಿಲ್ಲ. ಈ ಅಂತರಗಳು 'ಮಾಡಬೇಕಾದದ್ದು' ಎಂಬ ಸಲಹೆಯ ರೂಪದಲ್ಲಿವೆ. ಮೀರಿದರೆ ಅಷ್ಟಕ್ಕೇ ಅಪರಾಧವಲ್ಲ, ಆದರೆ ಮೊಕದ್ದಮೆಯಲ್ಲಿ ಸಾಕ್ಷ್ಯವಾಗುತ್ತದೆ.

ಅಲ್ಲಿಗೆ ಕೆಲಸಕ್ಕೆ ಹೋಗುವ ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ಭಾರತದ ಲೈಸೆನ್ಸ್ 12 ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಹೈವೇ ಕೋಡ್ ಓದಿ ಪರೀಕ್ಷೆಗೆ ಕೂರಬೇಕು. ಲಾರಿಗಳ ಹಿಂದೆ 'ಸೌಂಡ್ ಹಾರ್ನ್' ಎಂದು ಓದುತ್ತ ಬೆಳೆದ ನಮಗೆ, ಮುಂದಿರುವವರನ್ನು ಹಾರ್ನ್ ಹೊಡೆದು ಎಚ್ಚರಿಸುವುದೇ ಸೌಜನ್ಯ. ಕುದುರೆಯ ಹಿಂದೆ ಅದೇ ಸೌಜನ್ಯ ತೋರಿದರೆ ಸವಾರ ಆಸ್ಪತ್ರೆ ಸೇರಬಹುದು. ಹಾರ್ನ್ ಬೇಡ, ಎಂಜಿನ್ನನ್ನು ಗುರ್ ಎನಿಸುವುದೂ ಬೇಡ ಎಂದು ಕೋಡ್ ಬಿಡಿಸಿ ಹೇಳುತ್ತದೆ.

ಜಾಗದ ಪ್ರಶ್ನೆ ಈಗ ದಾಖಲೆ ಕೋಣೆಗಳಿಗೆ ಹೋಗಿದೆ. ಇಂಗ್ಲೆಂಡಿನಲ್ಲಿ ಸಾರ್ವಜನಿಕರಿಗೆ ಓಡಾಡುವ ಹಕ್ಕಿರುವ ಹಳೆಯ ದಾರಿಗಳನ್ನು 2026ರ ಜನವರಿ 1ರೊಳಗೆ ಅಧಿಕೃತ ನಕ್ಷೆಗೆ ಸೇರಿಸದಿದ್ದರೆ ಅವು ಅಳಿದುಹೋಗುತ್ತವೆ ಎಂದು 2000ದ ಕಾಯ್ದೆಯೊಂದು ಗಡುವು ಹಾಕಿತ್ತು. ಗಡುವು 2031ಕ್ಕೆ ಹೋಯಿತು. 2024ರ ಡಿಸೆಂಬರ್‌ನಲ್ಲಿ ಅದನ್ನೇ ರದ್ದುಮಾಡುವುದಾಗಿ ಸರ್ಕಾರ ಘೋಷಿಸಿತು. ಗಡುವಿನ ಹೆದರಿಕೆಯಲ್ಲಿ ಹಾರ್ಸ್ ಸೊಸೈಟಿಯ ಸ್ವಯಂಸೇವಕರು ಹತ್ತೊಂಬತ್ತನೆಯ ಶತಮಾನದ ಜಮೀನು ನಕ್ಷೆಗಳನ್ನು ಬಿಡಿಸಿ, ಇಲ್ಲಿ ಹಿಂದೆ ಕುದುರೆ ಹೋಗುತ್ತಿತ್ತು ಎಂಬುದಕ್ಕೆ ಪುರಾವೆ ಹುಡುಕಿ ಸಲ್ಲಿಸಿದ ಅರ್ಜಿಗಳು ಕೌಂಟಿ ಕಚೇರಿಗಳಲ್ಲಿ ರಾಶಿ ಬಿದ್ದಿವೆ. ಒಂದೊಂದು ಅರ್ಜಿ ತೀರ್ಮಾನವಾಗಲು ವರ್ಷಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ಆ ಸವಾರರು ಕಾರುಗಳ ನಡುವೆಯೇ ಹೋಗಬೇಕು.