ಪಕ್ಕದ ಬೆಂಚಿನ ಎದುರಾಳಿ: ಹರೆಯದ ಕಥೆಗಳಲ್ಲಿ ದೋಸ್ತಿ ಮತ್ತು ಪೈಪೋಟಿ

ಪಕ್ಕದ ಸಾಲಿನ ಹುಡುಗ ಕೈ ಚಾಚಿ ಅವಳ ಕೆಂಪು ಜಡೆಯ ತುದಿ ಹಿಡಿಯುತ್ತಾನೆ. "ಕ್ಯಾರೆಟ್! ಕ್ಯಾರೆಟ್!" ಅಂತ ಪಿಸುಗುಡುತ್ತಾನೆ. ಹುಡುಗಿ ಎದ್ದು ನಿಂತು ತನ್ನ ಸ್ಲೇಟನ್ನು ಅವನ ತಲೆಗೆ ಅಪ್ಪಳಿಸುತ್ತಾಳೆ. ಸ್ಲೇಟು ಎರಡು ಹೋಳು.

ಕೆನಡಾದ ಎಲ್. ಎಂ. ಮಾಂಟ್ಗೊಮರಿ 1908ರಲ್ಲಿ ಪ್ರಕಟಿಸಿದ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್' ಕಾದಂಬರಿಯ ದೃಶ್ಯ ಇದು. ಹುಡುಗಿ ಆ್ಯನ್, ಹುಡುಗ ಗಿಲ್ಬರ್ಟ್. ಅಲ್ಲಿಂದ ಮುಂದೆ ವರ್ಷಗಟ್ಟಲೆ ಅವಳು ಅವನ ಜೊತೆ ಟೂ ಬಿಟ್ಟಿರುತ್ತಾಳೆ. ಆದರೆ ಅವನು ಎಷ್ಟು ಓದುತ್ತಾನೆ ಅನ್ನುವುದರ ಮೇಲೆ ಒಂದು ಕಣ್ಣು ಇಟ್ಟೇ ಇರುತ್ತಾಳೆ. ಕೊನೆಗೆ ದೊಡ್ಡ ಪ್ರವೇಶ ಪರೀಕ್ಷೆಯಲ್ಲಿ ಇನ್ನೂರು ಜನರ ಪಟ್ಟಿಯ ತುದಿಯಲ್ಲಿ ಇಬ್ಬರ ಹೆಸರೂ ಸಮಸಮ. ಅವಳು ಮಾತಾಡಿಸದ ಆ ಹುಡುಗನೇ ಅವಳನ್ನು ಓದಿಸಿದವನು. ಪ್ರಾಣದ ಗೆಳತಿ ಡಯಾನಾ ಕೈಲಿ ಆ ಕೆಲಸ ಆಗುತ್ತಿರಲಿಲ್ಲ.

ಈ ಪ್ರಸಂಗ ಓದಿದಾಗೆಲ್ಲ ನನಗೆ ಏಳನೇ ಕ್ಲಾಸು ನೆನಪಾಗುತ್ತದೆ. ನಮ್ಮ ಮೇಷ್ಟ್ರು ಮಾರ್ಕ್ಸ್ ನೋಡಿ ಬೆಂಚು ಕೊಡುತ್ತಿದ್ದರು. ಮೂರು ಮಾರ್ಕ್ಸ್ ಕಮ್ಮಿ ಬಂತು ಅಂತ ನಾನು ಎರಡನೇ ಬೆಂಚಿಗೆ ಹೋದೆ, ನನ್ನ ದೋಸ್ತ್ ಮೊದಲನೆಯದರಲ್ಲೇ ಉಳಿದ. ಒಂದು ತಿಂಗಳು ಅವನ ಜೊತೆ ಮಾತಿಲ್ಲ. ಮೇಷ್ಟ್ರ ಮೇಲೆ ಮಾತ್ರ ನನಗೆ ಒಂಚೂರೂ ಸಿಟ್ಟು ಬರಲಿಲ್ಲ ನೋಡಿ.

ಇಲ್ಲೇ ಇರುವುದು ವಿಷಯ. ಗೆಳೆತನ, ಹಗೆತನ ಎರಡೂ ಕಥೆಗಳಷ್ಟೇ ಹಳೆಯವು. ಕರ್ಣ ದುರ್ಯೋಧನರ ಸ್ನೇಹ ನಮಗೆ ಗೊತ್ತಿಲ್ಲದ್ದೇ? ಆದರೆ ಒಂದೇ ವಯಸ್ಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಂದೇ ಪಾಠ ಹೇಳಿ, ಒಂದೇ ಪರೀಕ್ಷೆ ಕೊಟ್ಟು, ಇವನು ಫಸ್ಟು ಅವನು ಸೆಕೆಂಡು ಅಂತ ಸಾಲು ಹಿಡಿಸುವ ಪದ್ಧತಿ ಊರೂರಿಗೆ ಹರಡಿದ್ದು 19ನೇ ಶತಮಾನದಲ್ಲಿ. ಹರೆಯದವರ ಕಥೆಗಳು ಹುಟ್ಟಿದ್ದು ಆ ಕೋಣೆಯಲ್ಲಿ. ಅಲ್ಲಿ ಪಕ್ಕದಲ್ಲಿ ಕೂತವನೇ ಗೆಳೆಯ, ಅವನೇ ಎದುರಾಳಿ. ಇದನ್ನು ಒಪ್ಪಿಕೊಳ್ಳಲು ಮಾತ್ರ ಆ ಕಥೆಗಳಿಗೆ ಸುಮಾರು ಕಾಲ ಹಿಡಿಯಿತು.

ಮೊದಮೊದಲು ಲೆಕ್ಕ ಸಲೀಸಾಗಿತ್ತು. ಥಾಮಸ್ ಹ್ಯೂಸ್ 1857ರಲ್ಲಿ ಬರೆದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಇಂಗ್ಲೆಂಡಿನ ರಗ್ಬಿ ಶಾಲೆಯ ಕಥೆ. ಈಸ್ಟ್ ಅನ್ನುವವನು ಗೆಳೆಯ, ಫ್ಲ್ಯಾಷ್‌ಮನ್ ಅನ್ನುವವನು ಪುಂಡ. ಚಿಕ್ಕ ಹುಡುಗರನ್ನು ಗೋಳು ಹೊಯ್ದುಕೊಳ್ಳುವ ಫ್ಲ್ಯಾಷ್‌ಮನ್ ಕೊನೆಗೆ ಕುಡಿದು ಸಿಕ್ಕಿಬಿದ್ದು ಶಾಲೆಯಿಂದ ಹೊರಬೀಳುತ್ತಾನೆ. ಹೆಡ್‌ಮಾಸ್ಟರ್ ದೇವರಂಥವರು. ತಪ್ಪೆಲ್ಲ ಒಬ್ಬ ಕೆಟ್ಟ ಹುಡುಗನದು, ಅವನು ಹೋದರೆ ಎಲ್ಲ ಸರಿ. ನಮ್ಮಲ್ಲಿ ಇಂಗ್ಲಿಷ್ ಮೀಡಿಯಂ ಮಕ್ಕಳು ಮುಗಿಬಿದ್ದು ಓದಿದ ಎನಿಡ್ ಬ್ಲೈಟನ್ ಅವರ ಬೋರ್ಡಿಂಗ್ ಶಾಲೆ ಪುಸ್ತಕಗಳೂ ಹೆಚ್ಚುಕಮ್ಮಿ ಇದೇ ಜಾಡಿನವು.

ಆ ಜಾಡು ಬಿಟ್ಟು ಮೊದಲೇ ನಡೆದವರು ಅಮೆರಿಕದ ಲೂಯಿಸಾ ಮೇ ಆಲ್ಕಾಟ್. ಹುಡುಗಿಯರಿಗೊಂದು ಪುಸ್ತಕ ಬರೆದುಕೊಡಿ ಎಂದು ಪ್ರಕಾಶಕರು ಕೇಳಿದಾಗ ಅವರಿಗೆ ಇಷ್ಟವೇ ಇರಲಿಲ್ಲ. ತನ್ನ ಸೋದರಿಯರನ್ನು ಬಿಟ್ಟರೆ ತನಗೆ ಹುಡುಗಿಯರ ಪರಿಚಯವೇ ಅಷ್ಟಾಗಿ ಇಲ್ಲ ಅಂತ ದಿನಚರಿಯಲ್ಲಿ ಗೊಣಗಿಕೊಂಡರು. ಆಮೇಲೆ ಆ ಸೋದರಿಯರನ್ನೇ ಬರೆದರು. 1868ರ 'ಲಿಟಲ್ ವಿಮೆನ್'ನಲ್ಲಿ ನಾಟಕಕ್ಕೆ ಕರೆದುಕೊಂಡು ಹೋಗಲಿಲ್ಲ ಅನ್ನುವ ಸಿಟ್ಟಿಗೆ ತಂಗಿ ಏಮಿ, ಅಕ್ಕ ಜೋ ಬರೆದಿಟ್ಟ ಹಸ್ತಪ್ರತಿಯನ್ನು ಸುಟ್ಟುಹಾಕುತ್ತಾಳೆ. ಆಮೇಲೆ ಹೆಪ್ಪುಗಟ್ಟಿದ ನದಿಯ ಮೇಲೆ ಸ್ಕೇಟಿಂಗ್. ನಡುವೆ ಮಂಜು ತೆಳ್ಳಗಿದೆ, ದಡದಲ್ಲೇ ಇರಿ ಎಂದು ಗೆಳೆಯ ಕೂಗಿ ಹೇಳಿದ್ದು ಜೋಗೆ ಕೇಳಿಸುತ್ತದೆ. ಹಿಂದೆ ಬರುತ್ತಿರುವ ಏಮಿಗೆ ಕೇಳಿಸಿಲ್ಲ. ಅದೂ ಜೋಗೆ ಗೊತ್ತು. ಆದರೂ ಸುಮ್ಮನಿರುತ್ತಾಳೆ. ಮಂಜು ಒಡೆದು ಏಮಿ ನೀರಿಗೆ ಬೀಳುತ್ತಾಳೆ. ಬದುಕುತ್ತಾಳೆ, ನಿಜ. ಆದರೆ ಆ ಒಂದು ಕ್ಷಣದ ಮೌನ ಇದೆಯಲ್ಲ, ಅದಕ್ಕೆ ಯಾವ ಫ್ಲ್ಯಾಷ್‌ಮನ್ನೂ ಬೇಕಾಗಲಿಲ್ಲ. ಪುಸ್ತಕದ ನಾಯಕಿಯೇ ಸಾಕಾದಳು.

ಅದೇ ಮೌನ ಸುಮಾರು 90 ವರ್ಷದ ಮೇಲೆ ಒಂದು ಮರದ ಕೊಂಬೆಯ ಮೇಲೆ ಮತ್ತೆ ಕಾಣಿಸಿಕೊಂಡಿತು. ಜಾನ್ ನೋಲ್ಸ್ ಅವರ 'ಎ ಸಪರೇಟ್ ಪೀಸ್', 1959. ಎರಡನೇ ಮಹಾಯುದ್ಧದ ಕಾಲ, ಅಮೆರಿಕದ ಒಂದು ಹಾಸ್ಟೆಲ್ ಶಾಲೆ. ಜೀನ್ ಓದಿನಲ್ಲಿ ಮುಂದೆ, ರೂಮ್‌ಮೇಟ್ ಫಿನಿ ಆಟದಲ್ಲಿ ಮುಂದೆ. ತನ್ನ ಓದು ಕೆಡಿಸಲೆಂದೇ ಫಿನಿ ದಿನಾ ಆಟಕ್ಕೆ ಎಳೆಯುತ್ತಾನೆ ಎಂದು ಜೀನ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಫಿನಿಯ ತಲೆಯಲ್ಲಿ ಅಂಥದ್ದೇನೂ ಇರಲಿಲ್ಲ. ಪೈಪೋಟಿ ಇದ್ದದ್ದು ಒಂದೇ ಕಡೆ. ಇದು ಜೀನ್‌ಗೆ ಇನ್ನೂ ಜಾಸ್ತಿ ಉರಿಯುತ್ತದೆ. ನದಿಯ ಮೇಲೆ ಚಾಚಿದ ಕೊಂಬೆಯಲ್ಲಿ ಇಬ್ಬರೂ ನಿಂತಿರುವಾಗ ಜೀನ್‌ನ ಮಂಡಿ ಒಂಚೂರು ಬಾಗುತ್ತದೆ, ಕೊಂಬೆ ಅಲ್ಲಾಡುತ್ತದೆ, ಫಿನಿ ಕೆಳಗೆ ಬೀಳುತ್ತಾನೆ. ಕಾಲು ಮುರಿಯುತ್ತದೆ. ಬೇಕೆಂದೇ ಮಾಡಿದನಾ? ಪುಸ್ತಕ ಮುಗಿದರೂ ಖಚಿತ ಉತ್ತರ ಸಿಗುವುದಿಲ್ಲ.

ಇಷ್ಟು ಹೊತ್ತಿಗೆ ಅಮೆರಿಕದ ಗ್ರಂಥಾಲಯಗಳಲ್ಲಿ ಹದಿಹರೆಯದವರಿಗೆ ಬೇರೆ ಕಪಾಟು ಬಂದಿತ್ತು. ಅಲ್ಲಿನ ಗ್ರಂಥಾಲಯ ಸಂಘ 1957ರಲ್ಲಿ 'ಯಂಗ್ ಅಡಲ್ಟ್' ಹೆಸರಿನಲ್ಲೇ ಒಂದು ವಿಭಾಗ ತೆರೆಯಿತು. ಕಪಾಟು ಇತ್ತು, ಆದರೆ ಅದರಲ್ಲಿದ್ದ ಪುಸ್ತಕಗಳು ಓಕ್ಲಹೋಮಾದ ಟಲ್ಸಾ ಊರಿನ ಒಬ್ಬ ಹುಡುಗಿಗೆ ಸಪ್ಪೆ ಅನ್ನಿಸಿದವು. 15ನೇ ವಯಸ್ಸಿಗೆ ಅವಳೇ ಬರೆಯಲು ಕೂತಳು. 1967ರಲ್ಲಿ 'ದಿ ಔಟ್‌ಸೈಡರ್ಸ್' ಹೊರಬಂದಾಗ ಅವಳಿಗೆ 18. ಹುಡುಗರ ಗ್ಯಾಂಗಿನ ಕಥೆಯನ್ನು ಹುಡುಗಿ ಬರೆದಿದ್ದಾಳೆ ಎಂದರೆ ವಿಮರ್ಶಕರು ಮೂಗು ಮುರಿದಾರು ಎಂದು ಮುಖಪುಟದ ಮೇಲೆ ಎಸ್. ಇ. ಹಿಂಟನ್ ಎಂದಷ್ಟೇ ಹಾಕಿದರು. ಬಡವರ ಮಕ್ಕಳ ಗುಂಪು ಒಂದು, ಶ್ರೀಮಂತರ ಮಕ್ಕಳದು ಇನ್ನೊಂದು. ಹೊಡೆದಾಟ ಊರಿನ ಎರಡು ದಿಕ್ಕುಗಳ ನಡುವೆ. ಯಾಕೆ ಹೊಡೆದಾಡುತ್ತಿದ್ದೇವೆ ಎಂದು ಎರಡೂ ಕಡೆಯ ಕೆಲವು ಹುಡುಗರು ಕೇಳಿಕೊಳ್ಳಲು ಶುರುಮಾಡುತ್ತಾರೆ. ಉತ್ತರ ಅವರ ಹತ್ತಿರ ಇಲ್ಲ. ಜಗಳ ಅವರು ಹುಟ್ಟುವ ಮೊದಲೇ ಸಿದ್ಧವಾಗಿತ್ತು.

ಹಾಗಾದರೆ ಪಂದ್ಯ ಹಚ್ಚಿದವರು ಯಾರು? ಈ ಪ್ರಶ್ನೆಯನ್ನು ಹಲ್ಲು ಕಚ್ಚಿ ಕೇಳಿದವರು ರಾಬರ್ಟ್ ಕಾರ್ಮಿಯರ್. ಮ್ಯಾಸಚೂಸೆಟ್ಸ್‌ನ ಪತ್ರಕರ್ತ. ಅವರ ಮಗ ಒಂದು ದಿನ ಶಾಲೆಯಿಂದ ಚಾಕಲೇಟ್ ಪೆಟ್ಟಿಗೆಗಳನ್ನು ಹೊತ್ತು ತಂದ. ಶಾಲೆಯ ಖರ್ಚಿಗೆ ಮಕ್ಕಳು ಮಾರಬೇಕಿತ್ತು. ಮನೆಯಲ್ಲಿ ಮಾತಾಡಿಕೊಂಡು, ಮಾರುವುದು ಬೇಡ ಎಂದು ತೀರ್ಮಾನಿಸಿದರು. ಮಗನಿಗೆ ಶಾಲೆಯಲ್ಲಿ ಏನೂ ಆಗಲಿಲ್ಲ. ಆಗಿದ್ದರೆ? ಎಂದು ಅಪ್ಪ ಯೋಚಿಸಿದರು. 1974ರ 'ದಿ ಚಾಕಲೇಟ್ ವಾರ್' ಆ ಯೋಚನೆಯ ಫಲ.

ಕಾದಂಬರಿಯಲ್ಲಿ ಶಾಲೆ ನೋಡಿಕೊಳ್ಳುವ ಬ್ರದರ್ ಲಿಯಾನ್ 20,000 ಪೆಟ್ಟಿಗೆ ಚಾಕಲೇಟ್ ತರಿಸಿಬಿಟ್ಟಿದ್ದಾರೆ. 400 ಹುಡುಗರು, ತಲೆಗೆ 50. ಬೆಳಿಗ್ಗೆ ಹಾಜರಿ ಕರೆದಹಾಗೆ ಒಬ್ಬೊಬ್ಬರ ಹೆಸರು ಕರೆದು ಎಷ್ಟು ಮಾರಿದೆ ಎಂದು ಕೇಳುತ್ತಾರೆ. ಜೆರಿ ಅನ್ನುವ ಹುಡುಗ ಮಾರುವುದಿಲ್ಲ ಅನ್ನುತ್ತಾನೆ. ಅಷ್ಟೇ. ಶಾಲೆಯ ಗುಪ್ತ ಗುಂಪಿಗೆ ಅವನನ್ನು ಬಗ್ಗಿಸುವ ಕೆಲಸ ಸಿಗುತ್ತದೆ. ಗೂಬರ್ ಅನ್ನುವ ಗೆಳೆಯ ಒಳ್ಳೆಯವನೇ, ಆದರೆ ಒಳ್ಳೆತನ ಸಾಕಾಗುವುದಿಲ್ಲ. ಕೊನೆಗೆ ರಾತ್ರಿ ಮೈದಾನದಲ್ಲಿ ಒಂದು ಬಾಕ್ಸಿಂಗ್ ಪಂದ್ಯ. ಎಲ್ಲಿಗೆ ಹೊಡೆಯಬೇಕು ಎಂಬುದು ಪ್ರೇಕ್ಷಕರು ಕೊಂಡ ಲಾಟರಿ ಚೀಟಿಯಲ್ಲಿ ಬರೆದಿರುತ್ತದೆ. ಬ್ರದರ್ ಲಿಯಾನ್ ದೂರದ ದಿಬ್ಬದ ಮೇಲೆ ನಿಂತು ನೋಡುತ್ತಿರುತ್ತಾರೆ. ಕೊನೆ ಬದಲಿಸಿ ಎಂದು ಕೆಲವು ಪ್ರಕಾಶಕರು ಹೇಳಿದರೂ ಕಾರ್ಮಿಯರ್ ಬಗ್ಗಲಿಲ್ಲ. ಶಾಲಾ ಗ್ರಂಥಾಲಯಗಳಿಂದ ತೆಗೆಯಿರಿ ಎಂಬ ದೂರು ಅಮೆರಿಕದಲ್ಲಿ ಅತಿ ಹೆಚ್ಚು ಬಂದ ಪುಸ್ತಕಗಳಲ್ಲಿ ಇದೂ ಒಂದು. ಬೈಗುಳ, ಹಿಂಸೆ ಅಂತ ಕಾರಣ ಕೊಡುತ್ತಾರೆ. ದಿಬ್ಬದ ಮೇಲೆ ನಿಂತ ಮೇಷ್ಟ್ರೇ ನಿಜವಾದ ಕಾರಣ ಇರಬಹುದು ಅಂತ ನನ್ನ ಗುಮಾನಿ.

ಆಮೇಲಿನದು ನಿಮಗೆ ಹೆಚ್ಚು ಪರಿಚಿತ. 1997ರಲ್ಲಿ ಶುರುವಾದ ಹ್ಯಾರಿ ಪಾಟರ್ ಸರಣಿ ಮತ್ತೆ ಬೋರ್ಡಿಂಗ್ ಶಾಲೆಗೇ ಹೋಯಿತು. ಮಕ್ಕಳನ್ನು ಹಂಚಿದ ನಾಲ್ಕು ಹೌಸುಗಳು, ಪಾಯಿಂಟುಗಳು, ಗೆದ್ದ ಹೌಸಿಗೆ ಒಂದು ಕಪ್. ಹ್ಯಾರಿಯ ಎದುರಾಳಿ ಡ್ರೇಕೋ ಮಾಲ್ಫಾಯ್ ಬಹುಕಾಲ ಫ್ಲ್ಯಾಷ್‌ಮನ್‌ನ ಮೊಮ್ಮಗನ ಥರವೇ ಕಾಣುತ್ತಾನೆ. ನನಗೆ ಅವನಿಗಿಂತ ನಾಲ್ಕನೇ ಪುಸ್ತಕದಲ್ಲಿನ ಹ್ಯಾರಿಯ ಗೆಳೆಯ ರಾನ್ ಮುಖ್ಯ. ಸ್ಪರ್ಧೆಗೆ ಹ್ಯಾರಿಯ ಹೆಸರು ಬಂದಾಗ ಅವನು ಮುಖ ತಿರುಗಿಸಿಕೊಳ್ಳುತ್ತಾನಲ್ಲ, ಆ ಕೆಲವು ವಾರ. ಯಾವ ಮಾಟಮಂತ್ರಕ್ಕಿಂತ ಅದು ನಿಜ.

ಸುಝಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್' (2008) ಕಾರ್ಮಿಯರ್ ಮೈದಾನವನ್ನು ಇಡೀ ದೇಶದಷ್ಟು ದೊಡ್ಡದು ಮಾಡಿತು. 12ರಿಂದ 18 ವರ್ಷದ 24 ಮಕ್ಕಳು, ಉಳಿಯುವುದು ಒಬ್ಬರು, ಉಳಿದ ದೇಶವೆಲ್ಲ ಟೀವಿ ಮುಂದೆ. ಇಂಥಲ್ಲಿ ನಾಯಕಿ ಕ್ಯಾಟ್‌ನಿಸ್, ಎದುರಾಳಿಯಾಗಬೇಕಿದ್ದ ಪುಟ್ಟ ರೂ ಸತ್ತಾಗ ಅವಳ ಮೈಮೇಲೆ ಹೂವು ಹಾಸುತ್ತಾಳೆ. ಗೆಳೆತನವೇ ಸರ್ಕಾರದ ವಿರುದ್ಧದ ಕೆಲಸವಾಗಿಬಿಡುತ್ತದೆ. ಈಚೆಗೆ ಪುಸ್ತಕದಂಗಡಿಗಳಲ್ಲಿ 'ಶತ್ರುಗಳಿಂದ ಪ್ರೇಮಿಗಳು' ಅನ್ನುವ ಥರದ್ದು ಜೋರು. ಗಿಲ್ಬರ್ಟನ ವಂಶವೇ ಅದು, ಬೇಡ ಅನ್ನುವುದಿಲ್ಲ. ಆದರೆ ಎಲ್ಲ ಪೈಪೋಟಿಯೂ ಪ್ರೇಮಕ್ಕೇ ತಿರುಗಿದರೆ ಪಾಪ, ಬರೀ ದೋಸ್ತಿಗೆ ಜಾಗವೆಲ್ಲಿ?

ಒಂದು ಪುಸ್ತಕವನ್ನು ಬೇಕೆಂದೇ ಸಾಲಿನಿಂದ ಹೊರಗಿಟ್ಟಿದ್ದೆ. ಅದು ಇಲ್ಲಿಯದು. 1930ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ ಆರ್. ಕೆ. ನಾರಾಯಣ್ ಒಂದು ನೋಟ್‌ಬುಕ್ ಕೊಂಡು ಕಾದಂಬರಿಯ ಮೊದಲ ಸಾಲು ಬರೆದರು. ಮಾಲ್ಗುಡಿ ಹುಟ್ಟಿತು. ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ವಾಪಸು ಕಳಿಸಿದಾಗ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಆಕ್ಸ್‌ಫರ್ಡ್‌ನಲ್ಲಿದ್ದ ಗೆಳೆಯ ಪೂರ್ಣನಿಗೆ ಬರೆದರು. ಗೆಳೆಯ ಮಾತು ಕೇಳಲಿಲ್ಲ. ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. 1935ರಲ್ಲಿ 'ಸ್ವಾಮಿ ಆ್ಯಂಡ್ ಫ್ರೆಂಡ್ಸ್' ಅಚ್ಚಾಯಿತು. 1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಧಾರಾವಾಹಿಯಿಂದ ಸ್ವಾಮಿಯ ಮುಖ ನಮಗೆಲ್ಲ ಗೊತ್ತು.

ಅದರಲ್ಲಿ ಪೊಲೀಸ್ ಅಧಿಕಾರಿಯ ಮಗ ರಾಜಂ ಕ್ಲಾಸಿಗೆ ಬಂದ ಕೂಡಲೇ ಸ್ವಾಮಿಯ ಗೆಳೆಯ ಮಣಿಗೂ ಅವನಿಗೂ ಜಿದ್ದು. ನೀನು ಗಂಡಸಾ ಎಂದು ಚೀಟಿ ಹೋಗುತ್ತದೆ, ಯಾವ ನಾಯಿಗೆ ಅನುಮಾನ ಎಂದು ಚೀಟಿ ಬರುತ್ತದೆ. ಚೀಟಿ ಸಾಗಿಸುವವನು ಸ್ವಾಮಿ. ಸರಯೂ ದಡದಲ್ಲಿ ಒಬ್ಬ ದೊಣ್ಣೆ, ಇನ್ನೊಬ್ಬ ಏರ್‌ಗನ್ ಹಿಡಿದು ಎದುರಾಗುತ್ತಾರೆ, ದೋಸ್ತಿಯಾಗಿ ಹಿಂದಿರುಗುತ್ತಾರೆ. ಅಲ್ಲಿಗೇ ಮುಗಿಸಿದ್ದರೆ ಸುಲಭವಿತ್ತು. ಆಮೇಲೆ ಕ್ರಿಕೆಟ್ ಬರುತ್ತದೆ. ಹೊಸ ಶಾಲೆಯ ಡ್ರಿಲ್ಲು ಸ್ವಾಮಿಯನ್ನು ಪ್ರ್ಯಾಕ್ಟೀಸ್‌ಗೆ ಬಿಡುವುದಿಲ್ಲ. ಬೆತ್ತ ಎತ್ತಿದ ಹೆಡ್‌ಮಾಸ್ಟರ್ ಕೈಯಿಂದ ಅದನ್ನು ಕಿತ್ತು ಎಸೆದು ಸ್ವಾಮಿ ಊರು ಬಿಡುತ್ತಾನೆ, ಕಾಡಿನಲ್ಲಿ ದಾರಿ ತಪ್ಪುತ್ತಾನೆ, ಮ್ಯಾಚು ತಪ್ಪುತ್ತದೆ. ತಂಡ ಸೋಲುತ್ತದೆ. ಕ್ಯಾಪ್ಟನ್ ರಾಜಂ ಮಾತು ಬಿಡುತ್ತಾನೆ. ನಾನು ಏಳನೇ ಕ್ಲಾಸಿನಲ್ಲಿ ಮಾಡಿದಹಾಗೆ ಅವನೂ ಬೆತ್ತದವರನ್ನು ಬಿಟ್ಟು ಗೆಳೆಯನನ್ನೇ ಹಿಡಿಯುತ್ತಾನೆ.

ಅಷ್ಟರಲ್ಲಿ ರಾಜಂನ ಅಪ್ಪನಿಗೆ ವರ್ಗ. ಬೆಳಗಿನ ರೈಲಿಗೆ ಸ್ವಾಮಿ ತನ್ನ ಆಂಡರ್ಸನ್ ಕಥೆಗಳ ಪುಸ್ತಕ ತೆಗೆದುಕೊಂಡು ಓಡುತ್ತಾನೆ. ಹೊರಟ ಗಾಡಿಯೊಳಗೆ ಪುಸ್ತಕವೇನೋ ತಲುಪುತ್ತದೆ. ಅವನು ಕಾಗದ ಬರೀತಾನಾ ಎಂದು ಸ್ವಾಮಿ ಕೇಳುತ್ತಾನೆ. ಖಂಡಿತ ಅನ್ನುತ್ತಾನೆ ಮಣಿ. ಇವನು ಹೇಳುತ್ತಿರುವುದು ನಿಜವೋ ತಮಾಷೆಯೋ ಎಂದು ಸ್ವಾಮಿ ಅವನ ಮುಖ ನೋಡುತ್ತಾನೆ. ಯಾವತ್ತೂ ತೆರೆದ ಪುಸ್ತಕದಂತಿದ್ದ ಮಣಿಯ ಮುಖದಲ್ಲಿ ಅವತ್ತು ಏನೂ ಗೊತ್ತಾಗುವುದಿಲ್ಲ.