ಹಡಗು ಹತ್ತಿದ ಮುತ್ತಜ್ಜನ ಊರು ಯಾವುದು?

ಓದುಗರ ಪ್ರಶ್ನೆ: ನಮ್ಮ ಸೊಸೆ ದಕ್ಷಿಣ ಆಫ್ರಿಕಾದ ಡರ್ಬನ್‌ನವಳು. ಅವಳ ಮುತ್ತಜ್ಜ ಕಬ್ಬಿನ ತೋಟದ ಕೂಲಿಗೆ ಮದ್ರಾಸಿನಲ್ಲಿ ಹಡಗು ಹತ್ತಿದವರಂತೆ. 'ಬಳ್ಳಾರಿ ಕಡೆಯವರು' ಅನ್ನುವುದು ಬಿಟ್ಟರೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಅವರ ಊರು ಹುಡುಕಲು ಆಗುತ್ತಾ?

ಉತ್ತರ: ಎಷ್ಟೋ ಸಲ ಆಗುತ್ತದೆ. ಆದರೆ ಬಳ್ಳಾರಿಯಿಂದ ಶುರು ಮಾಡಬೇಡಿ, ಡರ್ಬನ್‌ನಿಂದ ಶುರು ಮಾಡಿ.

ಅಲ್ಲಿಗೆ ಕೂಲಿಯವರನ್ನು ಹೊತ್ತ ಮೊದಲ ಹಡಗು 'ಟ್ರೂರೊ' ಮದ್ರಾಸಿನಿಂದ ಹೊರಟು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. 1911ರ ಹೊತ್ತಿಗೆ 1,52,000ಕ್ಕೂ ಜಾಸ್ತಿ ಜನ ಹೀಗೆ ಡರ್ಬನ್ ಇರುವ ನಟಾಲ್ ಸೀಮೆಗೆ ಹೋಗಿದ್ದರು. ಐದು ವರ್ಷದ ಕರಾರು. 'ಅಗ್ರಿಮೆಂಟ್' ಅನ್ನುವ ಮಾತೇ ಜನರ ಬಾಯಲ್ಲಿ 'ಗಿರ್ಮಿಟ್' ಆಯಿತು. (ನಮ್ಮ ಹುಬ್ಬಳ್ಳಿ ಕಡೆಯ ತಿಂಡಿ ಅಲ್ಲ!)

ಹಡಗಿನಿಂದ ಇಳಿದವರಿಗೆಲ್ಲ ಅಲ್ಲಿನ ಸರ್ಕಾರ ಒಂದೊಂದು ನಂಬರ್ ಹಾಕಿತು. ಅದೇ ಕಲೋನಿಯಲ್ ನಂಬರ್. ಗಂಡನಿಗೊಂದು, ಹೆಂಡತಿಗೊಂದು, ಮಕ್ಕಳಿಗೂ ಒಂದೊಂದು. ಮನುಷ್ಯರಿಗೆ ಹೀಗೆ ನಂಬರ್ ಹಾಕಿದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೂ ಇವತ್ತು ಅವರನ್ನು ಹುಡುಕಿಕೊಡುವುದು ಅದೇ ನಂಬರ್.

ಸುಮ್ನೆ ಹೆಸರು ಹಿಡಿದು ಹುಡುಕಿದರೆ ಸಾಕಾಗುವುದಿಲ್ಲ. ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದುಕೊಂಡರು. ಒಬ್ಬ ವೀರಣ್ಣನೇ ಮೂರು ಕಾಗದದಲ್ಲಿ ಮೂರು ಥರ ಕಾಣಬಹುದು. ಅಡ್ಡಹೆಸರಿನ ಕಥೆಯೂ ಹಾಗೇ. ಗೌಂಡರ್ ಅಲ್ಲಿ ಗೊವೆಂಡರ್ ಆಗಿದ್ದಾರೆ. ಕೆಲವು ಮನೆಗಳಲ್ಲಿ ಮೊದಲು ಹೋದ ಅಜ್ಜನ ಹೆಸರೇ ಮುಂದಿನವರ ಅಡ್ಡಹೆಸರಾಗಿ ಉಳಿದಿದೆ.

ಹಾಗಾಗಿ ಸೊಸೆಯ ಕಡೆಯ ಹಿರಿಯರ ಹಳೇ ಪೆಟ್ಟಿಗೆ ತೆರೆಸಿ. ಜನನ ಪತ್ರ, ಮದುವೆ ನೋಂದಣಿ, ಕರಾರು ಮುಗಿದಾಗ ಕೊಟ್ಟ ಬಿಡುಗಡೆ ಚೀಟಿ, ಏನಿದ್ದರೂ ನೋಡಿ. ಹಳೇ ಕಾಗದಗಳಲ್ಲಿ ಆ ನಂಬರ್ ಬರೆದಿರುವುದು ಸಾಮಾನ್ಯ. ನಂಬರ್ ಸಿಕ್ಕರೆ ಹಡಗಿನ ಪಟ್ಟಿಗೆ ಹೋಗಿ. ಆ ಪಟ್ಟಿಗಳನ್ನು ಕಂಪ್ಯೂಟರಿಗೆ ಇಳಿಸಿದ್ದಾರೆ. ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಗಾಂಧಿ-ಲುಥುಲಿ ದಾಖಲೆ ಕೇಂದ್ರದಲ್ಲಿ ವಿಚಾರಿಸಿ. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಮೈಮೇಲಿನ ಗುರುತು, ಯಾವ ತೋಟಕ್ಕೆ ಕಳಿಸಿದರು, ಇಷ್ಟೆಲ್ಲ ಅದರಲ್ಲಿ ಇರುತ್ತದೆ. 'ಎಡಗೆನ್ನೆಯ ಮೇಲೆ ಗಾಯದ ಕಲೆ' ಎನ್ನುವಂಥ ಒಂದು ಸಾಲು ಓದಿದಾಗ ಹೆಸರಷ್ಟೇ ಆಗಿದ್ದವರಿಗೆ ಒಂದು ಮುಖ ಬರುತ್ತದೆ.

ಮುತ್ತಜ್ಜನ ನಂಬರಿನ ಹಿಂದೆ ಮುಂದೆ ಇರುವ ಹತ್ತಿಪ್ಪತ್ತು ಹೆಸರನ್ನೂ ಬರೆದುಕೊಳ್ಳಿ. ಒಂದೇ ಮನೆಯವರು, ಒಂದೇ ಊರಿನವರು ಸಾಲಾಗಿ ನೋಂದಾಯಿಸಿಕೊಂಡಿರಬಹುದು. ಮುತ್ತಜ್ಜನ ಸಾಲಿನಲ್ಲಿ ಓದಲಾಗದ ಊರು ಪಕ್ಕದವರ ಸಾಲಿನಲ್ಲಿ ಸ್ಪಷ್ಟವಾಗಿ ಸಿಗಬಹುದು.

ಪಟ್ಟಿಯಲ್ಲಿ ಹೆಸರೇ ಇಲ್ಲ ಅಂದರೆ? ಸ್ವಂತ ದುಡ್ಡಿನಲ್ಲಿ ಟಿಕೆಟ್ ಕೊಂಡು ಹೋದವರು ಕರಾರಿನ ಪಟ್ಟಿಯಲ್ಲಿ ಬರುವುದಿಲ್ಲ. ಅವರಲ್ಲಿ ಗುಜರಾತಿ ವ್ಯಾಪಾರಿಗಳೇ ಜಾಸ್ತಿ, ಆದರೂ ಈ ಸಾಧ್ಯತೆ ಮರೆಯಬೇಡಿ.

ಇನ್ನು ಬಳ್ಳಾರಿ. ಇಲ್ಲಿ ತುಂಬಾ ಜನ ದಾರಿ ತಪ್ಪುತ್ತಾರೆ. ಪಟ್ಟಿಯಲ್ಲಿರುವುದು ಅಂದಿನ ಮದ್ರಾಸ್ ಪ್ರಾಂತ್ಯದ ಜಿಲ್ಲೆ, ಇಂದಿನದಲ್ಲ. ಬಳ್ಳಾರಿಯಿಂದ ಅನಂತಪುರ ಬೇರೆಯಾದದ್ದು 1882ರಲ್ಲಿ. ಅದಕ್ಕೂ ಮೊದಲು ಹೋದವರ 'ಬಳ್ಳಾರಿ' ಇವತ್ತಿನ ಆಂಧ್ರದ ಹಳ್ಳಿಯಾಗಿರಬಹುದು. 1876–78ರ ಭೀಕರ ಬರ ಆ ಸೀಮೆಯನ್ನು ಹಿಂಡಿಹಾಕಿತ್ತು. ಆ ಬರದಲ್ಲಿ ಊರು ಬಿಟ್ಟವರಾಗಿದ್ದರೆ ಅವರು ಹೋದದ್ದು 1882ಕ್ಕೂ ಮೊದಲೇ. ಆದ್ದರಿಂದ ಹಡಗಿನ ವರ್ಷವನ್ನು ತಪ್ಪದೆ ನೋಡಿ. ಕೊಳ್ಳೇಗಾಲದವರು ಕೊಯಮತ್ತೂರು ಜಿಲ್ಲೆಯ ಲೆಕ್ಕದಲ್ಲಿ ಸಿಗುತ್ತಾರೆ, ಹೊಸೂರಿನವರು ಸೇಲಂ ಲೆಕ್ಕದಲ್ಲಿ.

ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನೋಡುತ್ತಾ ಕೂರಬೇಡಿ. ಗಟ್ಟಿಯಾಗಿ ಓದಿ, ಆ ಸೀಮೆಯವರ ಕಿವಿಗೆ ಬೀಳಲಿ. ಒಂದೇ ಹೆಸರಿನ ನಾಲ್ಕು ಹಳ್ಳಿ ಸಿಕ್ಕರೆ ಸೊಸೆಯ ಮನೆಯವರನ್ನು ಮನೆದೇವರು ಯಾರು ಅಂತ ಕೇಳಿ. ಭಾಷೆ ಮರೆತ ಮನೆಯಲ್ಲೂ ದೇವರ ಹೆಸರು ಉಳಿದಿರಬಹುದು. ಆ ದೇವರ ಒಕ್ಕಲು ಯಾವ ಹಳ್ಳಿಯಲ್ಲಿದೆಯೋ ಅಲ್ಲಿಗೆ ಮೊದಲು ಹೋಗಿ, ಸೊಸೆಯನ್ನೂ ಕರೆದುಕೊಂಡು ಹೋಗಿ. ತಂದೆಯ ಹೆಸರು, ಜಾತಿ, ಮನೆದೇವರು ಮೂರೂ ಹೊಂದುವವರೆಗೆ ಮಾತ್ರ ಯಾರನ್ನೂ ನೆಂಟರೆಂದು ಒಪ್ಪಿಕೊಳ್ಳಬೇಡಿ.