ಅಂಕ ಬರುವ ಮೊದಲೇ ಓದಬಹುದಾದ ಉತ್ತರಪತ್ರಿಕೆ

ಅಂತಿಮ ಪರೀಕ್ಷೆಗೆ ನಾಲ್ಕೈದು ವಾರಗಳಿರುವಾಗ ನನ್ನ ಕೊಠಡಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಪಾಠದ ಮಾತನ್ನೇ ಎತ್ತುವುದಿಲ್ಲ. ಬರೆದು ಮುಗಿಸಿದ ಕಿರುಪರೀಕ್ಷೆಯ ಅಂಕ ಇನ್ನೂ ಪ್ರಕಟವಾಗಿಲ್ಲ, ಅದು ತಿಳಿಯುವವರೆಗೆ ಪುಸ್ತಕ ಹಿಡಿಯಲು ಮನಸ್ಸಾಗುತ್ತಿಲ್ಲ ಎಂದು ಹೇಳಿಕೊಳ್ಳುತ್ತಾರೆ. ಆಪ್ತಸಮಾಲೋಚಕನಾಗಿ ನಾನು ಈ ದೂರನ್ನು ಪ್ರತಿ ಸೆಮಿಸ್ಟರಿನಲ್ಲೂ ಕೇಳುತ್ತೇನೆ. ಇದು ಸೋಮಾರಿಗಳ ನೆಪವೆಂದು ತಳ್ಳಿಹಾಕುವ ಅಧ್ಯಾಪಕರೂ ಇದ್ದಾರೆ. ಆದರೆ ಹೀಗೆ ಹೇಳುವವರಲ್ಲಿ ಚೆನ್ನಾಗಿ ಓದುವವರ ಸಂಖ್ಯೆಯೇನೂ ಕಡಿಮೆಯಿಲ್ಲ.

ಕಾಯುವಿಕೆ ಏಕೆ ಇಷ್ಟು ಸುಸ್ತು ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಸುಳಿವೊಂದು 2016ರಲ್ಲಿ ಪ್ರಕಟವಾದ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರ ಪ್ರಯೋಗದಲ್ಲಿದೆ. ಅದರಲ್ಲಿ 45 ಮಂದಿ ಕಂಪ್ಯೂಟರಿನಲ್ಲಿ ಆಟವೊಂದನ್ನು ಆಡಿದರು. ಪರದೆಯ ಮೇಲಿನ ಕಲ್ಲಿನಡಿ ಹಾವು ಇದೆಯೋ ಇಲ್ಲವೋ ಎಂದು ಅವರು ಊಹಿಸಬೇಕಿತ್ತು, ಹಾವು ಇದ್ದಾಗಲೆಲ್ಲ ಕೈಗೆ ಸಣ್ಣ ವಿದ್ಯುತ್ ಆಘಾತ ತಗಲುತ್ತಿತ್ತು. ಆಘಾತ ಖಚಿತವೆಂದು ತಿಳಿದಿದ್ದಾಗ ಇದ್ದುದಕ್ಕಿಂತ, ಆಗಬಹುದು ಅಥವಾ ಆಗದಿರಬಹುದು ಎಂಬ ಸಮಪಾಲಿನ ಅನಿಶ್ಚಿತತೆಯಲ್ಲಿ ಅವರ ಒತ್ತಡ ಹೆಚ್ಚಾಗಿತ್ತು. ಅನುತ್ತೀರ್ಣನಾದೆನೆಂದು ತಿಳಿದ ವಿದ್ಯಾರ್ಥಿ ಎರಡು ದಿನ ಬೇಸರಪಟ್ಟು ಮೂರನೆಯ ದಿನ ಓದಲು ಕುಳಿತರೆ, ಏನೂ ತಿಳಿಯದವನು ಎರಡು ವಾರ ಫೋನನ್ನೇ ನೋಡುತ್ತ ಕಳೆಯುವುದರಲ್ಲಿ ಆಶ್ಚರ್ಯವಿಲ್ಲ.

ಫಲಿತಾಂಶ ತಡವಾದಷ್ಟೂ ಅದು ಕೆಟ್ಟದ್ದಿರಬೇಕೆಂದು ಅರ್ಥ ಕಲ್ಪಿಸುವ ಅಭ್ಯಾಸವೂ ನಮ್ಮಲ್ಲಿದೆ. ಒಬ್ಬ ಅಧ್ಯಾಪಕರ ಮೇಜಿನ ಮೇಲೆ 120 ಉತ್ತರಪತ್ರಿಕೆಗಳಿದ್ದು, ಒಂದೊಂದಕ್ಕೆ ಹತ್ತು ನಿಮಿಷ ಹಿಡಿದರೂ ಅದು 20 ಗಂಟೆಗಳ ಕೆಲಸ. ಅದನ್ನು ಅವರು ತರಗತಿಗಳ ನಡುವಿನ ಬಿಡುವಿನಲ್ಲಿ ಮಾಡಬೇಕು, ಆ ಮೇಲೆ ಅಂಕಗಳನ್ನು ಕೂಡಿ, ಪರಿಶೀಲಿಸಿ, ನಮೂದಿಸಬೇಕು. ನಿಮ್ಮ ಪತ್ರಿಕೆ ಆ ಕಟ್ಟಿನ ಎಲ್ಲೋ ಮಧ್ಯದಲ್ಲಿದೆ, ಅಷ್ಟೇ.

ಇನ್ನೊಂದು ಲೆಕ್ಕವನ್ನು ನಾನು ವಿದ್ಯಾರ್ಥಿಗಳ ಕೈಯಿಂದಲೇ ಹಾಕಿಸುತ್ತೇನೆ. ಒಂದು ವಿಷಯಕ್ಕೆ 100 ಅಂಕಗಳಿದ್ದು, ಅದರಲ್ಲಿ 80 ಅಂತಿಮ ಪರೀಕ್ಷೆಗೆ, ಉಳಿದ 20 ಎರಡು ಕಿರುಪರೀಕ್ಷೆಗಳಿಗೆ ತಲಾ 10ರಂತೆ ಹಂಚಿಕೆಯಾಗಿವೆ ಎಂದಿಟ್ಟುಕೊಳ್ಳಿ. ನಿಮಗೆ 4 ಬರಬಹುದೆಂಬ ಭಯ, 8 ಬರಲೆಂಬ ಆಸೆ. ಭಯಕ್ಕೂ ಆಸೆಗೂ ನಡುವೆ ಇರುವುದು 4 ಅಂಕ. ಅಂತಿಮ ಪತ್ರಿಕೆಯ 80 ಅಂಕ ಐದು ಘಟಕಗಳಿಗೆ ಸಮನಾಗಿ ಹರಡಿದ್ದರೆ ಒಂದು ಘಟಕದ ತೂಕ 16 ಅಂಕ. ಅಂದರೆ ಈ ಎರಡು ವಾರಗಳಲ್ಲಿ ಒಂದೇ ಒಂದು ಘಟಕ ಓದದೆ ಉಳಿದರೂ, ಯಾವ ನಷ್ಟಕ್ಕೆ ಹೆದರಿ ನಿದ್ದೆಗೆಟ್ಟಿರೋ ಅದರ ನಾಲ್ಕು ಪಟ್ಟು ಪಣಕ್ಕೆ ಬಿದ್ದಂತಾಯಿತು. ಕಿರುಪರೀಕ್ಷೆಗಳಲ್ಲೇ ಕನಿಷ್ಠ ಅಂಕ ಪಡೆಯದಿದ್ದರೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ ಎಂಬ ನಿಯಮವಿದ್ದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಂಥವರು ಊಹೆಯಲ್ಲಿ ಕಾಲ ಕಳೆಯದೆ ನೇರವಾಗಿ ಅಧ್ಯಾಪಕರನ್ನು ಕಂಡು ವಿಚಾರಿಸುವುದೇ ಸರಿ.

ಲೆಕ್ಕದಿಂದ ಭಯ ತಗ್ಗುತ್ತದೆ, ಆದರೆ ಓದು ತಾನಾಗಿ ಆರಂಭವಾಗುವುದಿಲ್ಲ. ಹಿಂದೊಮ್ಮೆ ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಮಾತಿನ ಮಧ್ಯೆಯೇ ಮೂರು ಬಾರಿ ಫೋನಿನಲ್ಲಿ ಫಲಿತಾಂಶದ ಪುಟವನ್ನು ತೆರೆದು ನೋಡಿದಳು. ಫೋನನ್ನು ಬ್ಯಾಗಿನೊಳಗೆ ಇಡಿಸಿ, ಒಂದು ಹಾಳೆ ಕೊಟ್ಟು, ಕಿರುಪರೀಕ್ಷೆಯ ಪ್ರಶ್ನೆಗಳನ್ನು ನೆನಪಿನಿಂದ ಬರೆಯಲು ಹೇಳಿದೆ. ಐದು ಪ್ರಶ್ನೆಗಳಲ್ಲಿ ಐದೂ ಅವಳಿಗೆ ನೆನಪಿದ್ದವು. ಪ್ರತಿಯೊಂದರ ಮುಂದೆ ತಾನು ಬರೆದ ಉತ್ತರದ ಸಾರಾಂಶ, ಅದರ ಮುಂದೆ ತಾನೇ ಕೊಟ್ಟುಕೊಳ್ಳುವ ಅಂಕ. ಮೂರನೆಯದಕ್ಕೆ ಬಂದಾಗ ಅವಳ ಪೆನ್ನು ನಿಂತಿತು. "ಸರ್, ಇಲ್ಲಿ ಎನ್ ಮೈನಸ್ ಒಂದರಿಂದ ಭಾಗಿಸಬೇಕಿತ್ತು. ನಾನು ಎನ್‌ನಿಂದಲೇ ಭಾಗಿಸಿಬಿಟ್ಟೆ" ಎಂದಳು. ಇದು ಯಾವಾಗ ಗೊತ್ತಾಯಿತು ಎಂದು ಕೇಳಿದರೆ, ಪರೀಕ್ಷಾ ಕೊಠಡಿಯಿಂದ ಹೊರಬಂದು ಮೆಟ್ಟಿಲು ಇಳಿಯುವಾಗಲೇ ಎಂಬ ಉತ್ತರ ಬಂತು. ಹಾಗಾದರೆ ಮೌಲ್ಯಮಾಪಕರು ಹೇಳಬೇಕಾದ ಸಂಗತಿಯೊಂದು ಒಂಬತ್ತು ದಿನಗಳಿಂದ ಅವಳ ಬಳಿಯೇ ಇತ್ತು. ಒಟ್ಟು ಅಂಕ ಕೂಡಿಸಿ 20ಕ್ಕೆ 13 ಎಂದು ಬರೆದು, ದಿನಾಂಕ ಹಾಕಿ, ಹಾಳೆಯನ್ನು ಮಡಚಿ ಪುಸ್ತಕದಲ್ಲಿಟ್ಟುಕೊಂಡಳು.

ಇದನ್ನು ಪರೀಕ್ಷೆ ಬರೆದ ಮರುದಿನವೇ ಮಾಡಿದರೆ ಇನ್ನೂ ಒಳ್ಳೆಯದು. ಮರೆವು ಮೊದಲ ದಿನಗಳಲ್ಲೇ ವೇಗವಾಗಿ ಕೆಲಸ ಮಾಡುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹಾಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದ. ಅದಕ್ಕಿಂತ ಮುಖ್ಯವಾಗಿ, ನೆನಪಿನಿಂದ ಹೊರತೆಗೆದು ಬರೆಯುವ ಕ್ರಿಯೆಯೇ ಕಲಿಕೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಎರಡು ಬಾರಿ ಓದಿದ ವಿದ್ಯಾರ್ಥಿಗಳು ಐದು ನಿಮಿಷಗಳ ನಂತರ ಶೇ. 81ರಷ್ಟನ್ನು ನೆನಪಿಸಿಕೊಂಡರು, ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದವರು ಶೇ. 75ರಷ್ಟನ್ನು. ಒಂದು ವಾರ ಕಳೆದಾಗ ಚಿತ್ರ ತಿರುಗುಮುರುಗಾಯಿತು: ಓದಿದ್ದನ್ನೇ ಓದಿದವರಲ್ಲಿ ಉಳಿದದ್ದು ಶೇ. 42, ಬರೆದವರಲ್ಲಿ ಶೇ. 56. ನೋಟ್ಸಿಗೆ ಬಣ್ಣದ ಗೆರೆ ಎಳೆಯುತ್ತ ಕೂರುವವರಿಗೆ ತಾವು ತುಂಬ ಓದಿದ್ದೇವೆ ಅನ್ನಿಸುವುದು ಆ ಐದು ನಿಮಿಷಗಳ ಭ್ರಮೆಯಿಂದ.

ಆದ್ದರಿಂದ ಅಂತಿಮ ಪರೀಕ್ಷೆಯ ಸಿದ್ಧತೆಗೂ ನಾನು ಇದೇ ಕ್ರಮವನ್ನು ಸೂಚಿಸುತ್ತೇನೆ. ಒಂದು ಘಟಕ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆದು ನೋಡುವುದು. ಬಾರದೆ ಹೋದದ್ದನ್ನು ಮಾತ್ರ ಪುಸ್ತಕದಲ್ಲಿ ಹುಡುಕುವುದು. ನಾಲ್ಕೈದು ದಿನ ಬಿಟ್ಟು ಮತ್ತೆ ಬರೆಯುವುದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೊನೆಯ ವಾರಕ್ಕೆಂದು ಎತ್ತಿಡುವ ರೂಢಿ ನನಗೆ ಒಪ್ಪಿಗೆಯಿಲ್ಲ, ಅವು ಮೊದಲ ವಾರದಲ್ಲೇ ಬೇಕು. ನಿದ್ದೆಯ ಬಗ್ಗೆ ಎಲ್ಲರೂ ಹೇಳುವುದನ್ನೇ ನಾನೂ ಹೇಳಬೇಕು: ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ, ಅದನ್ನು ಕಡಿತಗೊಳಿಸಿ ಗಳಿಸಿದ ಗಂಟೆಗಳು ಲಾಭಕ್ಕೆ ಬರುವುದಿಲ್ಲ. ಫಲಿತಾಂಶದ ಪುಟವನ್ನು ದಿನಕ್ಕೊಮ್ಮೆ, ಸಂಜೆ, ಓದು ಮುಗಿದ ಮೇಲೆ ನೋಡಿದರೆ ಸಾಕು.

ಆ ವಿದ್ಯಾರ್ಥಿನಿಗೆ ಮುಂದಿನ ವಾರ ಬಂದ ಅಂಕ 14. ಅವಳು ಉತ್ತರಪತ್ರಿಕೆಯನ್ನೂ ಮಡಚಿಟ್ಟ ಹಾಳೆಯನ್ನೂ ಜೊತೆಯಲ್ಲಿಟ್ಟುಕೊಂಡು ಬಂದಿದ್ದಳು. ಮೂರನೆಯ ಪ್ರಶ್ನೆಗೆ ಸೊನ್ನೆಯೆಂದು ಅವಳು ತೀರ್ಮಾನಿಸಿದ್ದರೆ, ಮೌಲ್ಯಮಾಪಕರು ಹಂತಗಳಿಗೆ 3 ಅಂಕ ಕೊಟ್ಟಿದ್ದರು. ಆದರೆ ಪೂರ್ಣ 4 ಅಂಕ ಬರೆದುಕೊಂಡಿದ್ದ ಐದನೆಯ ಪ್ರಶ್ನೆಗೆ ಸಿಕ್ಕಿದ್ದು 2 ಮಾತ್ರ. ಪಿ-ಮೌಲ್ಯವೆಂದರೆ ಶೂನ್ಯ ಊಹೆಯು, ಅಂದರೆ ಹುಡುಕುತ್ತಿರುವ ಪರಿಣಾಮ ಇಲ್ಲವೇ ಇಲ್ಲ ಎಂಬ ಊಹೆಯು, ಸತ್ಯವಾಗಿರುವ ಸಂಭವನೀಯತೆ ಎಂದು ಅವಳು ಬರೆದಿದ್ದಳು. ನಿಜವಾಗಿ, ಶೂನ್ಯ ಊಹೆ ಸತ್ಯವೆಂದು ಇಟ್ಟುಕೊಂಡಾಗ ಇಷ್ಟೇ ಅಥವಾ ಇದಕ್ಕಿಂತ ತೀವ್ರವಾದ ದತ್ತಾಂಶ ಸಿಗುವ ಸಂಭವನೀಯತೆ ಅದು. ತನಗೆ ಚೆನ್ನಾಗಿ ಗೊತ್ತೆಂದುಕೊಂಡ ಕಡೆ ಆದ ಈ ತಪ್ಪನ್ನು ಯಾವ ಸ್ವಪರೀಕ್ಷೆಯೂ ಅವಳಿಗೆ ತೋರಿಸುತ್ತಿರಲಿಲ್ಲ. ಅದಕ್ಕೆ ಆ ಕೆಂಪು ಶಾಯಿಯೇ ಬೇಕಿತ್ತು. ಅಂತಿಮ ಪರೀಕ್ಷೆಗೆ ಇನ್ನೂ ಹದಿನಾರು ದಿನಗಳಿದ್ದವು, ಐದರಲ್ಲಿ ಮೂರು ಘಟಕಗಳು ಆಗಲೇ ಮುಗಿದಿದ್ದವು.